ದೇವಿಕೊಪ್ಪದ ದಾರಿಯಲ್ಲಿ ಹೆಗಲ ಮೇಲೆ ಬಿದ್ದ ಕೈ

ಇದು ನಡೆದದ್ದು. ನಡೆದಿಲ್ಲ ಅಂತ ಯಾರಾದರೂ ತೋರಿಸಿಕೊಟ್ಟರೆ ಅವರ ಕಾಲಿಗೆ ಬೀಳುತ್ತೇನೆ, ಮೇಲೊಂದು ಚಹಾನೂ ಕುಡಿಸುತ್ತೇನೆ. ಕುಡಿದಿದ್ದೆ ಅನ್ನಬೇಡಿ, ನಾನು ಕುಡಿಯುವುದಿಲ್ಲ. ಹೆದರಿಕೆಗೆ ಹಾಗೆ ಅನ್ನಿಸಿರಬೇಕು ಅಂತಲೂ ಅನ್ನಬೇಡಿ. ನನಗೆ ಹೆದರಿಕೆ ಆಗುವುದಿಲ್ಲ. ಅದೇನು ಶೌರ್ಯ ಅಲ್ಲ... ಒಳಗೆಲ್ಲೋ ಜೋಮು ಹಿಡಿದುಹೋಗಿದೆ. ಬಹಳ ಹೊತ್ತು ಚಕ್ಕಳಮಕ್ಕಳ ಕೂತರೆ ಕಾಲು ನಮ್ಮದಲ್ಲ ಅನ್ನಿಸುತ್ತದಲ್ಲ, ಹಾಗೆ.

ಆಗ ನಾನು ಅಣ್ಣಿಗೇರಿಯ ಒಂದು ಹತ್ತಿ ಜಿನ್ನಿನಲ್ಲಿ ವಾಚಮನ್ ಆಗಿದ್ದೆ. ಮಿಲಿಟರಿ ಬಿಟ್ಟು ಬಂದು ಮೂರು ವರ್ಷ ಆಗಿತ್ತು. ಎಂಬತ್ತೊಂದೋ ಎಂಬತ್ತೆರಡೋ ಇರಬೇಕು. ಊರಿನವರು ನನ್ನನ್ನು ಕಂಡರೆ, ಯುದ್ಧದ ಕಥೆ ಹೇಳ್ರಿ ಅಂತ ಗಂಟು ಬೀಳುತ್ತಿದ್ದರು. ನಾನು ಅಡುಗೆಮನೆ ಲೆಕ್ಕ ನೋಡಿಕೊಂಡಿದ್ದೆ ಅಂತ ಹೇಳಿ ಜಾರಿಕೊಳ್ಳುತ್ತಿದ್ದೆ. ಅವರಿಗೆ ನಿರಾಸೆ, ನನಗೆ ಆರಾಮ.

ಹಾಗೆ ಹೇಳಲೇಬೇಕಿತ್ತು. ನಾವಿದ್ದ ತುಕಡಿಯ ಕೆಲಸವೇ ಅಂಥದ್ದು. ಹೋದ ಜಾಗಕ್ಕೆ ಹೋಗೇ ಇಲ್ಲ, ಮಾಡಿದ ಕೆಲಸ ಮಾಡೇ ಇಲ್ಲ ಅಂತ ಕಾಗದಕ್ಕೆ ಸಹಿ ಹಾಕಿ ಕೊಟ್ಟಿದ್ದೆವು. ಇವತ್ತಿಗೂ ತುಕಡಿಯ ಹೆಸರು ಹೇಳುವುದಿಲ್ಲ, ಕೇಳಬೇಡಿ.

ಎಪ್ಪತ್ತೊಂದರ ಯುದ್ಧದಲ್ಲಿ ಪಶ್ಚಿಮದ ಮರಳುಗಾಡಿನಲ್ಲಿ ನಮ್ಮ ಆರು ಜನರನ್ನು ಒಂದು ರಾತ್ರಿ ಗಡಿಯಾಚೆ ಬಿಟ್ಟರು. ಮೂರು ರಾತ್ರಿ, ಎರಡು ಹಗಲಿನ ಕೆಲಸ. ಹಗಲು ಮುಳ್ಳುಕಂಟಿಯ ಕೆಳಗೆ ಮಲಗುವುದು, ರಾತ್ರಿ ನಡೆಯುವುದು. ಆರು ಜನರಲ್ಲಿ ಕನ್ನಡದವರು ನಾವಿಬ್ಬರೇ. ನಾನು, ಮತ್ತೆ ಕಲಘಟಗಿ ಹತ್ತಿರದ ದೇವಿಕೊಪ್ಪದ ಗುರಪ್ಪ.

ಹೊರಡುವ ಮುಂಚೆ ನಮ್ಮ ಗುರುತು ಹೇಳುವ ಸಾಮಾನೆಲ್ಲ ಒಂದು ಚೀಲಕ್ಕೆ ಹಾಕಿಸಿಕೊಂಡರು. ಪತ್ರ, ಫೋಟೋ, ಉಂಗುರ... ಕೊರಳಿನ ಲಿಂಗ ಕೂಡ. ನಾನೂ ಲಿಂಗವಂತನೇ. ನಾನು ಬಿಚ್ಚಿ ಕೊಟ್ಟು ಸುಮ್ಮನಾದೆ, ಅಷ್ಟು ಭಕ್ತಿ ನನ್ನಲ್ಲಿರಲಿಲ್ಲ. ಗುರಪ್ಪನಿಗೆ ಅದು ಆಗಲಿಲ್ಲ. ಲಿಂಗಪೂಜೆ ಮಾಡದೆ ಅನ್ನ ಮುಟ್ಟುವುದಿಲ್ಲ ಅಂತ ಅವ್ವನಿಗೆ ಮಾತು ಕೊಟ್ಟಿದ್ದ ಮನುಷ್ಯ. ಕೊಟ್ಟ. ಆದರೆ ಆ ಗಳಿಗೆಯಿಂದ ಊಟ ಬಿಟ್ಟ. ಎರಡು ಹಗಲು ಬರೀ ನೀರಿನ ಮೇಲಿದ್ದ.

ಸಾಹೇಬರಿಗೆ ಹೇಳುತ್ತೇನೆ ಅಂದೆ. ಹೇಳಬೇಡ, ಇನ್ನೊಮ್ಮೆ ಯಾವ ಕೆಲಸಕ್ಕೂ ಕರೆದೊಯ್ಯುವುದಿಲ್ಲ ಅಂತ ಕೈ ಹಿಡಿದುಕೊಂಡ. ನಾನು ಹೇಳಲಿಲ್ಲ. ಇದು ನನ್ನ ಮೊದಲ ತಪ್ಪು.

ಎರಡನೆಯದು ಹೇಳಬೇಕಂದರೆ ನಮ್ಮ ನಡಿಗೆಯ ರೀತಿ ತಿಳಿಸಬೇಕು. ಕತ್ತಲಲ್ಲಿ ಒಬ್ಬರ ಹಿಂದೆ ಒಬ್ಬರು, ಆರು ಹೆಜ್ಜೆ ಬಿಟ್ಟು ನಡೆಯುತ್ತಿದ್ದೆವು. ಮಾತಿಲ್ಲ, ಬ್ಯಾಟರಿ ಇಲ್ಲ. ಅರ್ಧ ತಾಸಿಗೊಮ್ಮೆ ಕೊನೆಯವನು ಮುಂದೆ ಬಂದು ತನ್ನ ಮುಂದಿನವನ ಬಲ ಹೆಗಲ ಮೇಲೆ ಎರಡು ಸಲ ತಟ್ಟಬೇಕು. ಅವನು ಅವನ ಮುಂದಿನವನಿಗೆ. ಹೀಗೆ ಆ ತಟ್ಟು ಎಲ್ಲರಿಗಿಂತ ಮುಂದಿದ್ದ ಸಾಹೇಬರನ್ನು ಮುಟ್ಟಿದರೆ, ಎಲ್ಲರೂ ಇದ್ದೇವೆ ಅಂತ ಅರ್ಥ. ಹಿಂದೆ ತಿರುಗಿ ನೋಡುವಂತಿಲ್ಲ. ತಿರುಗಿದರೆ ಸಾಲು ಮುರಿಯುತ್ತದೆ, ಹೆಜ್ಜೆ ತಪ್ಪುತ್ತದೆ ಅಂತ ಮೈಯಿಗೆ ರೂಢಿ ಮಾಡಿಸಿದ್ದರು.

ಕೊನೆಯ ಜಾಗ ನನ್ನದು. ವಾಪಸು ಬರುವ ರಾತ್ರಿ ಗುರಪ್ಪ ನನ್ನ ಕಿವಿಯಲ್ಲಿ, ನಾನು ಕೊನೆಗೆ ಬರುತ್ತೇನೆ, ನಾನು ತೂರಾಡುವುದು ಯಾರಿಗೂ ಕಾಣಬಾರದು ಅಂದ. ಕತ್ತಲಲ್ಲಿ ಜಾಗ ಬದಲಿಸಿಕೊಂಡೆವು. ಸಾಹೇಬರಿಗೆ ಗೊತ್ತಿರಲಿಲ್ಲ.

ಮೂರು ಸಲ ಹೆಗಲ ಮೇಲೆ ತಟ್ಟು ಬಂತು. ಮೂರು ಸಲ ಮುಂದಕ್ಕೆ ಕಳಿಸಿದೆ. ಅವನು ಹತ್ತಿರ ಬಂದಾಗಲೆಲ್ಲ ಒಂದು ವಾಸನೆ... ಉಪವಾಸವಿದ್ದವರ ಬಾಯಿಯಿಂದ ಬರುವ ಹುಳಿ ವಾಸನೆ ಗೊತ್ತಲ್ಲ, ಅದು. ಮೂರನೆಯ ತಟ್ಟು ಬಂದದ್ದು ಒಂದು ಒಣಗಿದ ಮರದ ಹತ್ತಿರ. ಅಲ್ಲಿಂದ ಅರ್ಧ ತಾಸಿಗೆ ನಮ್ಮ ಗಡಿ. ಬೆಳಕು ಹರಿಯಿತು. ತಿರುಗಿ ನೋಡಿದರೆ ನಾವು ಐದೇ ಜನ.

ಸಾಹೇಬರು ನನ್ನನ್ನು ಕರೆದುಕೊಂಡು ಆ ಒಣಮರದವರೆಗೆ ವಾಪಸು ಬಂದರು. ಮರಳು ಸುಳ್ಳು ಹೇಳುವುದಿಲ್ಲ. ಮರದಿಂದ ಈಚೆ ಐದು ಜನರ ಹೆಜ್ಜೆ. ಮರದಿಂದ ಆಚೆಯೂ, ಕಣ್ಣು ಹಾಯುವಷ್ಟು ದೂರ, ಐದೇ ಜನರ ಹೆಜ್ಜೆ.

ನನಗೆ ಇಲ್ಲೇ ತಟ್ಟು ಬಂತು ಅಂದೆ. ಸಾಹೇಬರು ಬಗ್ಗಿ ಹೆಜ್ಜೆಗಳನ್ನು ಇನ್ನೊಮ್ಮೆ ಎಣಿಸಿದರು. ಇನ್ನೂ ಆಚೆ ಹೋಗುವ ಹುಕುಮ್ ಇರಲಿಲ್ಲ. ಗುರಪ್ಪನ ಹೆಸರಿನ ಮುಂದೆ 'ಕಾಣೆಯಾಗಿದ್ದಾರೆ' ಅಂತ ಬರೆದರು. ಆ ದಿನ ನನಗೆ ಅಳು ಬರಲಿಲ್ಲ. ಆಮೇಲೂ ಬಂದಿಲ್ಲ.

ಹತ್ತು ವರ್ಷದ ನಂತರ ಜಿನ್ನಿನ ವಿಳಾಸಕ್ಕೆ ದೇವಿಕೊಪ್ಪದಿಂದ ಒಂದು ಕಾರ್ಡು ಬಂತು. ಯಾರ ಕೈಯಿಂದಲೋ ಬರೆಸಿದ್ದು. ಗುರಪ್ಪನ ತಾಯಿ ಶಾಂತವ್ವ, ಒಮ್ಮೆ ಬಂದು ಹೋಗಬೇಕು ಅಂತ ಕೇಳಿದ್ದಳು. ನನ್ನ ವಿಳಾಸ ಹೇಗೆ ಹುಡುಕಿದರೋ, ನಾನು ಕೇಳಲಿಲ್ಲ. ಶಿವರಾತ್ರಿಗೆ ಇನ್ನೂ ಹದಿನೈದು ದಿನ ಇತ್ತು. ಒಂದು ದಿನ ರಜೆ ಹಾಕಿ ಹುಬ್ಬಳ್ಳಿ ಮೇಲೆ ಹಾಯ್ದು ಹೋದೆ.

ಹೆಂಚಿನ ಸಣ್ಣ ಮನೆ, ಹಿತ್ತಲಲ್ಲಿ ಕಬ್ಬು. ಶಾಂತವ್ವ ತಂಬಿಗೆ ನೀರು ಕೊಟ್ಟಳು. ಗುರಪ್ಪನ ಹೆಂಡತಿ ನೀಲವ್ವ ಬಾಗಿಲ ಮರೆಯಲ್ಲಿ ನಿಂತಿದ್ದಳು. ಮದುವೆಯಾದಾಗ ಹದಿನಾರು, ಗಂಡನ ಜೊತೆ ಇದ್ದದ್ದು ಎರಡು ರಜೆ. ಈಗ ಇಪ್ಪತ್ತೇಳರ ಹತ್ತಿರ. ಕೈ ತುಂಬ ಹಸಿರು ಬಳೆ, ಕೊರಳಲ್ಲಿ ತಾಳಿ.

ವಿಷಯ ಇದು. ಮಿಶ್ರಿಕೋಟಿಯ ಒಬ್ಬ ರೈತ, ಹೆಂಡತಿ ತೀರಿಕೊಂಡವನು, ನೀಲವ್ವನನ್ನು ಉಡಿಕೆ ಮಾಡಿಕೊಳ್ಳಲು ಸಿದ್ಧನಿದ್ದ. ನಮ್ಮ ಕಡೆ ಗಂಡ ಸತ್ತವಳಿಗೆ ಮಾಡುವ ಎರಡನೇ ಮದುವೆಗೆ ಉಡಿಕೆ ಅನ್ನುತ್ತಾರೆ. ನೀಲವ್ವನಿಗೂ ಮನಸ್ಸಿತ್ತು. ಎಲ್ಲಕ್ಕಿಂತ ಹೆಚ್ಚು ಓಡಾಡಿದವಳು ಅತ್ತೆ ಶಾಂತವ್ವನೇ. ಆದರೆ ಉಡಿಕೆ ಮಾಡಿಸಬೇಕಾದ ಅಯ್ಯನವರು ಮಿಲಿಟರಿಯ ಕಾಗದ ಓದಿಸಿ ಕೇಳಿ ಕೈ ಚೆಲ್ಲಿದ್ದರು. ಅದರಲ್ಲಿ ಕಾಣೆಯಾಗಿದ್ದಾನೆ ಅಂತ ಇದೆ, ಸತ್ತಿದ್ದಾನೆ ಅಂತ ಇಲ್ಲ. ಬದುಕಿದ ಗಂಡನಿರುವವಳಿಗೆ ಉಡಿಕೆ ಮಾಡಿಸಿದ ಪಾಪ ನನಗೆ ಬೇಡ, ಸಾವು ಕಂಡವರು ಒಬ್ಬರು ಬಂದು ವಿಭೂತಿ ಮುಟ್ಟಿ ಹೇಳಲಿ ಅಂದಿದ್ದರು.

ಶಾಂತವ್ವ ನನ್ನ ಎದುರು ಕೂತಳು. ದನಿ ತೀರ ಸಣ್ಣದು.

"ನಾ ಹಡದಾಕಿರೀ. ನನ್ನ ಬಾಯಿಲೆ ಅವನ ಸತ್ತಾನ ಅಂತ ಹೆಂಗ ಹೇಳ್ಲಿ? ಹೇಳದಿದ್ರ ಈ ಹುಡುಗಿ ಬಾಳೇ ಹೋಗತೈತಿ. ನೀವು ಮಗ್ಗಲದಾಗ ಇದ್ದವ್ರು. ನೀವ ಹೇಳ್ರಿ."

ಸತ್ತದ್ದನ್ನು ನಾನು ಕಂಡಿರಲಿಲ್ಲ. ನಾನು ಕಂಡದ್ದು ಏನೂ ಇಲ್ಲ, ಹೆಗಲ ಮೇಲೆ ತಟ್ಟು ಅಷ್ಟೇ. ಇದ್ದದ್ದು ಇದ್ದ ಹಾಗೆ ಹೇಳಿದರೆ ಆ ಹೆಣ್ಣುಮಗಳು ಇನ್ನೂ ಹತ್ತು ವರ್ಷ ಹಸಿರು ಬಳೆ ತೊಟ್ಟು ಬಾಗಿಲು ಕಾಯಬೇಕು. ಅಲ್ಲದೆ ಅಂಥ ಬಿಸಿಲಲ್ಲಿ, ಅನ್ನ ಇಲ್ಲದೆ, ಶತ್ರುವಿನ ನೆಲದಲ್ಲಿ ಯಾರು ಬದುಕುತ್ತಾರೆ? ಸತ್ತೇ ಇರುತ್ತಾನೆ ಅಂತ ನನಗೆ ನಾನೇ ಹೇಳಿಕೊಂಡೆ.

ಅಯ್ಯನವರು ಬಂದರು. ವಿಭೂತಿ ಗಟ್ಟಿಯ ಮೇಲೆ ಕೈಯಿಟ್ಟೆ. ಹತ್ತು ವರ್ಷ ಬಿಗಿಹಿಡಿದ ಬಾಯಿ ಬಿಚ್ಚಿದ್ದು ಸುಳ್ಳಿಗೆ.

"ಗುಂಡ ಬಡದು ತೀರಿಕೊಂಡ್ರಿ. ನಾ ನೋಡೀನಿ."

ಅಷ್ಟಕ್ಕೆ ಮುಗಿಯಬೇಕಿತ್ತು. ಆಗ ನೀಲವ್ವ ಬಾಗಿಲು ಬಿಟ್ಟು ಈಚೆ ಬಂದು ಮೊದಲ ಸಲ ಮಾತಾಡಿದಳು.

"ಅಣ್ಣಾರ, ಅವರ ಕಣ್ಣು ಯಾರ ಮುಚ್ಚಿದ್ರಿ?"

ಕಣ್ಣು ತೆರೆದೇ ಹೋದವರಿಗೆ ಮನೆಯ ನೆನಪು ಬಿಡುವುದಿಲ್ಲ ಅಂತ ಹಳ್ಳಿಯಲ್ಲಿ ನಂಬಿಕೆ. ಅವಳಿಗೆ ಬೇಕಾಗಿದ್ದದ್ದು ಅದೊಂದೇ. ನಾನು ಕೊಟ್ಟೆ.

"ನಾನ ಮುಚ್ಚೀನಿ ತಂಗಿ. ಈ ಕೈಲೆ."

ಅವಳು ಅಳಲಿಲ್ಲ. ಬಳೆ ಒಡೆಯಲೂ ಇಲ್ಲ. ಒಂದೊಂದಾಗಿ ಬಿಚ್ಚಿ ಮೊರದಲ್ಲಿ ಇಟ್ಟಳು. ಶಾಂತವ್ವ ಗೋಡೆಗೆ ಮುಖ ಮಾಡಿ ಕೂತಳು, ಹೆಗಲು ಅಲುಗುತ್ತಿತ್ತು. ಅದನ್ನೆಲ್ಲ ನಾನು ಪಕ್ಕದ ಮನೆಯ ಗೋಡೆಯ ಮೇಲಿಂದ ನೋಡಿದಂತೆ ನೋಡಿದೆ. ಏನೂ ಅನ್ನಿಸಲಿಲ್ಲ. ಅನ್ನಿಸಬೇಕಿತ್ತು ಅಂತ ಮಾತ್ರ ಗೊತ್ತಾಗುತ್ತಿತ್ತು.

ಊಟಕ್ಕೆ ಇರಿ, ರಾತ್ರಿ ಮಲಗಿ ಹೋಗಿ ಅಂತ ಕೈ ಹಿಡಿದರು. ಆ ಮನೆಯಲ್ಲಿ ಅನ್ನ ಉಣ್ಣುವುದು ನನ್ನಿಂದ ಆಗಲಿಲ್ಲ. ಮರುದಿನ ಕೆಲಸ ಇದೆ ಅಂತ ಎದ್ದೆ. ಕಲಘಟಗಿಗೆ ಹೋಗುವ ಕೊನೆಯ ಬಸ್ಸು ತಪ್ಪಿತ್ತು. ನಡೆದರೆ ಎರಡು ತಾಸಿನ ಮೇಲಿನ ಹಾದಿ, ನನಗದೇನು ಹೊಸದಲ್ಲ. ಕತ್ತಲಾಗುವ ಹೊತ್ತಿಗೆ ಊರು ದಾಟಿದೆ.

ಸ್ವಲ್ಪ ದೂರ ಗದ್ದೆ, ಕಬ್ಬು. ಎಲ್ಲೋ ಬೆಲ್ಲ ಕಾಯಿಸುತ್ತಿದ್ದರು, ಅದರ ಘಮ ಬರುತ್ತಿತ್ತು. ಆಮೇಲೆ ಸಾಗವಾನಿ ಅಡವಿ ಶುರುವಾಯಿತು. ಆ ದಿನಗಳಲ್ಲಿ ಸಾಗವಾನಿಯ ಎಲೆ ಉದುರಿ ದಾರಿ ತುಂಬ ಹಪ್ಪಳ ಹರವಿದಂತೆ ಬಿದ್ದಿರುತ್ತದೆ. ಕಾಲಿಟ್ಟರೆ ಪರ್... ಪರ್... ಬೆಕ್ಕು ಹೋದರೂ ಕೇಳಬೇಕು.

ಬ್ಯಾಟರಿ ಇತ್ತು, ಹಚ್ಚಲಿಲ್ಲ. ಹಚ್ಚದೆ ನಡೆಯುವುದೇ ರೂಢಿ.

ಅರ್ಧ ತಾಸು ಆಗಿರಬೇಕು. ಹಿಂದೆ ಯಾರೋ ಬರುತ್ತಿದ್ದಾರೆ ಅಂತ ಗೊತ್ತಾಯಿತು. ನನ್ನ ಕಾಲಿನ ಸದ್ದಿನ ಸ್ವಲ್ಪ ಹಿಂದೆ ಇನ್ನೊಂದು ಸದ್ದು. ಒಬ್ಬನೇ, ಭಾರ ಕಡಿಮೆ. ಒಂದು ಹೆಜ್ಜೆ ಗಟ್ಟಿ, ಒಂದು ಹೆಜ್ಜೆ ಎಳೆದು. ಅಂತರ ಆರು ಹೆಜ್ಜೆ. ಅದಕ್ಕಿಂತ ಹತ್ತಿರ ಬರುತ್ತಿರಲಿಲ್ಲ, ದೂರವೂ ಆಗುತ್ತಿರಲಿಲ್ಲ.

ಕಳ್ಳ ಅಂದುಕೊಂಡೆ. ಇಂಥದ್ದಕ್ಕೆ ಏನು ಮಾಡಬೇಕು ಅಂತ ನಮಗೆ ಕಲಿಸಿದ್ದರು. ತಿರುವೊಂದು ಬಂದಾಗ ಎಲೆ ಇಲ್ಲದ ಕಲ್ಲಿನ ಮೇಲೆ ಕಾಲಿಡುತ್ತ ಸದ್ದಿಲ್ಲದೆ ಪಕ್ಕಕ್ಕೆ ಸರಿದು ಮರದ ಬುಡಕ್ಕೆ ಕೂತೆ. ಹಿಂದಿನವನು ನನ್ನನ್ನು ದಾಟಿ ಮುಂದೆ ಹೋಗಲೇಬೇಕು. ಕಾದೆ...

ಹೆಜ್ಜೆ ತಿರುವಿನವರೆಗೆ ಬಂತು. ನಿಂತಿತು. ಯಾರೂ ದಾಟಲಿಲ್ಲ. ಬೆಳದಿಂಗಳು ಸುಮಾರಾಗಿ ಇತ್ತು, ದಾರಿ ಬೆಳ್ಳಗೆ ಕಾಣುತ್ತಿತ್ತು. ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತು ನೋಡಿದೆ. ಜೀರುಂಡೆ ಕೂಡ ಕೂಗುತ್ತಿರಲಿಲ್ಲ.

ಎದ್ದು ದಾರಿಗೆ ಬಂದೆ. ನಾಲ್ಕು ಹೆಜ್ಜೆ ಹಾಕಿರಬೇಕು. ಮೊದಲು ಬಂದದ್ದು ವಾಸನೆ. ಬೆಲ್ಲದ್ದಲ್ಲ, ಒಣ ಎಲೆಯದ್ದಲ್ಲ. ಹಸಿದ ಬಾಯಿಯ ಹುಳಿ ವಾಸನೆ, ಕಿವಿಯ ಹಿಂದೆ, ಬೆಚ್ಚಗೆ.

ಆಮೇಲೆ ಬಲ ಹೆಗಲ ಮೇಲೆ ಎರಡು ಸಲ ತಟ್ಟು ಬಿತ್ತು.

ಗಾಳಿ ಅಲ್ಲ, ಎಲೆ ಅಲ್ಲ. ನಾಲ್ಕು ಬೆರಳು, ಅಂಗೈಯ ದಿಂಡು. ಮರಳುಗಾಡಿನ ಆ ರಾತ್ರಿ ಮೂರು ಸಲ ನನ್ನ ಹೆಗಲ ಮೇಲೆ ಬಿದ್ದ ಕೈಯೇ ಅದು.

ನಾನು ಏನು ಮಾಡಿದೆ ಕೇಳಿ. ಕೂಗಲಿಲ್ಲ, ಓಡಲಿಲ್ಲ. ನನ್ನ ಬಲಗೈ ತಾನಾಗಿ ಎದ್ದು ಮುಂದೆ ಹೋಯಿತು, ಮುಂದಿನವನಿಗೆ ತಟ್ಟು ದಾಟಿಸಲು. ಮುಂದೆ ಯಾರೂ ಇರಲಿಲ್ಲ. ಖಾಲಿ ದಾರಿ. ಕೈ ಹಾಗೇ ಗಾಳಿಯಲ್ಲಿ ನಿಂತಿತು.

ಹತ್ತು ವರ್ಷ ಒಂದೇ ಮಾತು ನನ್ನ ತಲೆಯಲ್ಲಿ ಗಾಣದಂತೆ ತಿರುಗಿತ್ತು. ಆ ಒಣಮರದ ಹತ್ತಿರ ಒಮ್ಮೆ ತಿರುಗಿ ನೋಡಿದ್ದರೆ... ಇನ್ನೊಮ್ಮೆ ಅಂಥ ಅವಕಾಶ ಸಿಕ್ಕರೆ ಹುಕುಮ್ ಗಿಕುಮ್ ನೋಡದೆ ತಿರುಗುತ್ತೇನೆ ಅಂತ ಎಷ್ಟು ಸಲ ಆಣೆ ಮಾಡಿಕೊಂಡಿದ್ದೆನೋ. ಈಗ ಸಿಕ್ಕಿತ್ತು. ಕತ್ತು ಸ್ವಲ್ಪ ಹೊರಳಿಸಿದರೆ ಸಾಕು.

ಹೊರಳಿಸಲಿಲ್ಲ.

ತಿರುಗಿ ನೋಡಿದಾಗ ಅವನಿದ್ದರೆ ನಾನು ಮಧ್ಯಾಹ್ನ ವಿಭೂತಿ ಮುಟ್ಟಿ ಆಡಿದ ಮಾತು ಏನಾಗಬೇಕು? ಮೊರದಲ್ಲಿಟ್ಟ ಆ ಬಳೆ ಏನಾಗಬೇಕು? ಹಿಂದಿನ ಉಸಿರು ಕಾಯುತ್ತಿತ್ತು. ನಾನೇನಾದರೂ ಹೇಳಲಿ ಅಂತ ಕಾಯುತ್ತಿತ್ತೋ ಏನೋ.

"ಗುರಪ್ಪಾ," ಅಂದೆ, ಪಿಸುದನಿಯಲ್ಲಿ, ಮುಂದೆ ನೋಡುತ್ತಲೇ. "ನಡಿಯೋ. ನಿಂದರಬ್ಯಾಡ."

ಯಾಕೆ ಹಾಗೆ ಅಂದೆನೋ ಗೊತ್ತಿಲ್ಲ. ನಡೆಯತೊಡಗಿದೆ. ಹಿಂದೆ ಎಲೆಯ ಸದ್ದು ಬಹಳ ಹೊತ್ತು ಬಂತು. ಒಂದು ಗಟ್ಟಿ, ಒಂದು ಎಳೆದು. ಮಧ್ಯೆ ಇನ್ನೆರಡು ಸಲ ತಟ್ಟು ಬಂತು. ಕಲಘಟಗಿಯ ದೀಪ ಕಂಡಾಗ ಸದ್ದು ಇರಲಿಲ್ಲ. ಯಾವಾಗ ನಿಂತಿತು ಅಂತ ನನಗೆ ಗೊತ್ತಾಗಲಿಲ್ಲ. ಮರಳುಗಾಡಿನಲ್ಲೂ ಗೊತ್ತಾಗಿರಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಚಹಾದವನು ಒಲೆ ಆರಿಸದೆ ಕೂತಿದ್ದ. ಒಂದು ಚಹಾ ಕೇಳಿದೆ. ಅವನು ಗ್ಲಾಸು ನೀಡದೆ ನನ್ನನ್ನೇ ನೋಡಿದ.

"ಕೈ ಯಾಕ ಹಂಗ ಹಿಡದೀರಿ ಅಜ್ಜಾರ? ನೋವ ಆಗೇತೇನ್ರಿ?"

ನೋಡಿಕೊಂಡೆ. ನನ್ನ ಬಲಗೈ ಇನ್ನೂ ಎದೆ ಮಟ್ಟಕ್ಕೆ ಮುಂದೆ ಚಾಚಿಕೊಂಡೇ ಇತ್ತು. ಅಷ್ಟೂ ದಾರಿ ಹಾಗೇ ಬಂದಿದ್ದೆ. ಇಳಿಸಲು ಹೋದರೆ ಇಳಿಯಲಿಲ್ಲ. ಎಡಗೈಯಿಂದ ಹಿಡಿದು ಕೆಳಗೆ ಒತ್ತಬೇಕಾಯಿತು. ಇನ್ನೊಂದು ವಿಷಯ, ಆಗ ನನಗೆ ಮೂವತ್ತೆಂಟು ವರ್ಷ. ಅವನು ಅಜ್ಜ ಅಂದ ಅಂತ ಅಲ್ಲಿದ್ದ ಕನ್ನಡಿ ನೋಡಿದೆ. ಅವನ ತಪ್ಪಿರಲಿಲ್ಲ.

ಉಡಿಕೆ ಆಯಿತು. ನನಗೂ ಕರೆ ಬಂದಿತ್ತು, ಹೋಗಲಿಲ್ಲ. ಆ ಮಿಶ್ರಿಕೋಟಿಯವನು ಒಳ್ಳೆಯ ಮನುಷ್ಯ. ಶಾಂತವ್ವನನ್ನೂ ತನ್ನ ಮನೆಗೇ ಕರೆದುಕೊಂಡು ಹೋದ ಅಂತ ಕೇಳಿದೆ. ಯಾವ ಗಂಡಸು ಹಾಗೆ ಮಾಡುತ್ತಾನೆ, ಅದೂ ಹೆಂಡತಿಯ ಹಿಂದಿನ ಅತ್ತೆಯನ್ನು? ನೀಲವ್ವನಿಗೆ ಎರಡು ಮಕ್ಕಳಾದವು. ನಾನು ಹೇಳಿದ ಸುಳ್ಳಿನಿಂದ ಒಂದು ಮನೆ ನಿಂತಿತು ಅಂತ ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಐದಾರು ವರ್ಷ ಹಾಗೇ ಹೋಯಿತು.

ಆಮೇಲೆ ಒಂದು ಮಧ್ಯಾಹ್ನ ನೀಲವ್ವ ಜಿನ್ನಿನ ಗೇಟಿಗೆ ಬಂದಳು. ಮಿಶ್ರಿಕೋಟಿಯಿಂದ ಒಬ್ಬಳೇ, ಎರಡು ಬಸ್ಸು ಬದಲಿಸಿ. ಕೈ ತುಂಬ ಬಳೆ ಇತ್ತು, ಮುಖ ಇಳಿದಿತ್ತು. ಒಳಗೆ ಬಾ ಅಂದರೆ ಬರಲಿಲ್ಲ, ನೀರೂ ಕುಡಿಯಲಿಲ್ಲ. ಗೇಟಿನ ಸರಳು ಹಿಡಿದು ನಿಂತಳು.

"ಅಣ್ಣಾರ, ಒಂದ ಮಾತ ಕೇಳಾಕ ಬಂದೇನ್ರಿ. ಅವರ ಕಣ್ಣು ನೀವ ಮುಚ್ಚಿದ್ರಿ, ಹೌದಲ್ರಿ?"

ಏನಾಯಿತು ಅಂತ ಕೇಳಿದೆ. ಸರಳನ್ನೇ ನೋಡುತ್ತ ಹೇಳಿದಳು. ಒಂದು ತಿಂಗಳಿಂದ ಆಗೊಮ್ಮೆ ಈಗೊಮ್ಮೆ ನಡುರಾತ್ರಿ ಯಾರೋ ಬಾಗಿಲು ಬಡಿಯುತ್ತಾರಂತೆ. ಗಂಡನಿಗೆ ಗಾಢ ನಿದ್ದೆ, ಎಚ್ಚರ ಆಗುವುದಿಲ್ಲ. ಶಾಂತವ್ವ ಮಾತ್ರ ಎದ್ದು ಕೂಡುತ್ತಾಳೆ. ಅವ್ವಾ ಅಂತ ಕರೆದಂತೆ ಅವಳಿಗೆ ಕೇಳಿಸುತ್ತದಂತೆ. ನೀಲವ್ವನಿಗೆ ಬಡಿತ ಕೇಳಿಸುತ್ತದೆ, ಕರೆದದ್ದು ಕೇಳಿಸುವುದಿಲ್ಲ. ದೇವಿಕೊಪ್ಪದಲ್ಲೂ ಯಾರೋ ಗಡ್ಡದವನು, ಸೊರಗಿದವನು, ಸಂಜೆ ಹೊತ್ತು ಆ ಹಳೆಯ ಮನೆಯ ಮುಂದೆ ನಿಂತಿದ್ದ ಅಂತ ಮಾತಿದೆ. ಕಂಡವರು ಹತ್ತಿರ ಹೋಗಿ ಕೇಳಲಿಲ್ಲ.

"ಅತ್ತಿ ಬಾಗ್ಲಾ ತಗೀತೇನಿ ಅಂತ ಏಳ್ತಾರಿ," ಅಂದಳು. "ನಾ ಹಿಡದ ಕೂಡಸ್ತೇನಿ. ಸತ್ತವ್ರ ಬಂದ್ರ ತಗೀಬಾರದಲ್ರಿ, ಮನ್ಯಾಗ ಸಣ್ಣ ಹುಡುಗ್ರು ಅದಾವು. ನೀವು ಇನ್ನೊಮ್ಮೆ ಹೇಳಿಬಿಡ್ರಿ. ಕೇಳಕೊಂಡ ಹೋಕ್ಕೇನಿ."

ಬೇಲಿಯಾಚೆ ಲಾರಿಗೆ ಅರಳೆ ಅಂಡಿಗೆ ಏರಿಸುತ್ತಿದ್ದರು. ಗದಗಿನ ಬಸ್ಸೊಂದು ಹೋಯಿತು. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ಹೂಂ ತಂಗಿ," ಅಂದೆ. "ನಾನ ಮುಚ್ಚೀನಿ."

"ಹಂಗಾರ ತಗಿಯೂದಿಲ್ಲ ಬಿಡ್ರಿ."

ಸೆರಗು ಸರಿ ಮಾಡಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೋದಳು. ಅವಳ ಹೆಜ್ಜೆಯಲ್ಲಿ ಬಂದಾಗಿನ ಭಾರ ಇರಲಿಲ್ಲ.

ಗಡಿಯಾಚೆಯ ಜೈಲುಗಳಿಂದ ಹತ್ತು ಹದಿನೈದು ವರ್ಷದ ಮೇಲೆ ಒಬ್ಬಿಬ್ಬರು ತಿರುಗಿ ಬರುವುದುಂಟು, ಬಂದವರಿಗೆ ನೆಟ್ಟಗೆ ಮಾತಾಡಲೂ ಬರುವುದಿಲ್ಲ ಅಂತ ನಾನು ಕೇಳಿದ್ದೆ. ಅವಳು ಸರಳು ಹಿಡಿದು ನಿಂತಿದ್ದಾಗ ಅದು ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ಬಾಗಿಲಲ್ಲಿ ನಿಂತವನು ಸತ್ತವನಾದರೆ ಅವಳು ತೆಗೆಯದಿರುವುದೇ ಸರಿ. ಬದುಕಿದವನಾದರೆ...

ಅವಳನ್ನು ಕೂಗಿ ಕರೆಯಲು ಇನ್ನೂ ಹೊತ್ತಿತ್ತು. ಗೇಟಿನಲ್ಲಿ ನಿಂತು ಅವಳು ಬಸ್ಸು ಹತ್ತುವುದನ್ನು ನೋಡಿದೆ. ಕರೆಯಲಿಲ್ಲ.